ಬಳ್ಳಾರಿಯ ಡೆಲಿವರಿ ಹುಡುಗರ ಜೊತೆ ನನ್ನ ಪಿಎಚ್‌ಡಿ

ನಾನು ಬಳ್ಳಾರಿಯಲ್ಲಿ ಅತಿಥಿ ಉಪನ್ಯಾಸಕ. ಡಿಗ್ರಿ ಹುಡುಗರಿಗೆ ಕಾಮರ್ಸ್ ಹೇಳಿಕೊಡುತ್ತೇನೆ, ಜೊತೆಗೆ ಪಾರ್ಟ್ ಟೈಮ್ ಪಿಎಚ್‌ಡಿ. ಆ್ಯಪ್ ನಂಬಿಕೊಂಡು ಊಟ, ದಿನಸಿ ತಲುಪಿಸುವ ಹುಡುಗರು ಆ ಆ್ಯಪ್ ಜೊತೆ ಹೇಗೆ ಏಗುತ್ತಾರೆ, ಆ್ಯಪ್ ಅವರಿಗೆ ಏನು ಹೇಳುತ್ತೆ, ಏನನ್ನು ಮುಚ್ಚಿಡುತ್ತೆ ಅನ್ನೋದು ವಿಷಯ. ಸಿನಾಪ್ಸಿಸ್‌ನಲ್ಲಿ, ಅಂದರೆ ಸಂಶೋಧನೆಯ ರೂಪುರೇಷೆಯಲ್ಲಿ, ಮಾತ್ರ 'ಗಿಗ್ ವೇದಿಕೆಗಳಲ್ಲಿ ಕಾರ್ಮಿಕರ ವರ್ತನೆ ಮತ್ತು ಪಾರದರ್ಶಕತೆ' ಅಂತ ಉದ್ದದ ಹೆಸರು ಇಟ್ಟಿದ್ದೇನೆ. ನಮ್ಮಪ್ಪ ಅದನ್ನು ಊರವರಿಗೆ ಹೇಳೋದೇ ಬೇರೆ ಥರ. "ಊಟ ತಂದುಕೊಡೋ ಹುಡುಗರ ಮೇಲೆ ಏನೋ ಬರೀತಾನಂತೆ, ಅದಕ್ಕೆ ಡಾಕ್ಟರ್ ಅಂತಾರಂತೆ."

ಈ ವಿಷಯವೇ ಯಾಕೆ ಅಂತ ಕೇಳುವವರಿಗೆ ಒಂದು ಮಾತು. ಅತಿಥಿ ಉಪನ್ಯಾಸಕ ಅಂದರೆ ನಾನೂ ಒಂಥರಾ ಗಿಗ್ ಕೆಲಸದವನೇ, ಅಂದರೆ ಖಾಯಂ ಅಲ್ಲದ ಬಿಡಿ ಕೆಲಸದವನೇ ಅಲ್ವಾ. ಮುಂದಿನ ವರ್ಷ ಕೆಲಸ ಇರುತ್ತಾ, ಇದ್ದರೆ ಎಷ್ಟು ಪೀರಿಯಡ್ ಸಿಗುತ್ತೆ, ಯಾವುದೂ ಗೊತ್ತಿರಲ್ಲ. ಹಾಗಾಗಿ ಈ ಹುಡುಗರ ಕಷ್ಟ ನನಗೆ ಪುಸ್ತಕ ಓದಿಯೇ ಗೊತ್ತಾಗಬೇಕು ಅಂತೇನೂ ಇರಲಿಲ್ಲ.

ಈ ವಿಷಯದ ಮೇಲೆ ಯಾರು ಬರೆದ ಸಿನಾಪ್ಸಿಸ್ ತೆಗೆದರೂ ಶುರುವಾಗುವುದು ನೀತಿ ಆಯೋಗದ 2022ರ ವರದಿಯಿಂದಲೇ. 2020-21ರಲ್ಲಿ ದೇಶದಲ್ಲಿ 77 ಲಕ್ಷ ಗಿಗ್ ಕಾರ್ಮಿಕರು ಇದ್ದರು, 2029-30ರ ಹೊತ್ತಿಗೆ 2.35 ಕೋಟಿ ಆಗಬಹುದು ಅಂತ ಅದರ ಅಂದಾಜು. ನಾನೂ ಅಲ್ಲಿಂದಲೇ ಶುರು ಮಾಡಿದ್ದೆ. ಗೈಡ್ ಮೇಡಂ ಓದಿ, ಕನ್ನಡಕ ತೆಗೆದು, "ಇದರಲ್ಲಿ ಬಳ್ಳಾರಿ ಎಲ್ಲಪ್ಪಾ?" ಅಂದರು. ಬೆಂಗಳೂರಿನದ್ದು ಎಲ್ಲರೂ ಮಾಡುತ್ತಾರೆ, ನೀನು ಇಲ್ಲಿಯದ್ದು ಮಾಡು ಅನ್ನೋದು ಅವರ ಮಾತಿನ ಅರ್ಥ. ಈಗ ಅನ್ನಿಸುತ್ತೆ, ಇಡೀ ಕೆಲಸದಲ್ಲಿ ನನಗೆ ಸಿಕ್ಕ ಒಳ್ಳೆ ಸಲಹೆ ಅಂದರೆ ಅದೇ. ನಮ್ಮಂಥ ಊರಲ್ಲಿ ಹುಡುಗರೆಲ್ಲ ಒಬ್ಬರಿಗೊಬ್ಬರು ಗೊತ್ತು. ಬೆಳಿಗ್ಗೆ ಜೀನ್ಸ್ ಯೂನಿಟ್‌ನಲ್ಲಿದ್ದು ಸಂಜೆ ಬ್ಯಾಗ್ ಹಾಕಿಕೊಂಡು ಹೊರಡುವವರು ಇದ್ದಾರೆ. ಡಿಗ್ರಿ ಓದುವವರು ಇದ್ದಾರೆ, ನನ್ನ ಕ್ಲಾಸಿನವರೇ ಇದ್ದಾರೆ. ವಿಳಾಸ ಅಂದರೆ ಮನೆ ನಂಬರ್ ಅಲ್ಲ, "ದುರ್ಗಮ್ಮ ಗುಡಿ ದಾಟಿ ಮುಂದೆ ಬಂದು ಫೋನ್ ಮಾಡ್ರಿ" ಅನ್ನೋದು. ಬೆಂಗಳೂರಿನ ಲೆಕ್ಕಾಚಾರ ಇಟ್ಟುಕೊಂಡು ಮಾಡಿದ ಆ್ಯಪ್ ಇಲ್ಲಿ ಹೇಗೆ ನಡೆಯುತ್ತೆ ಅಂತ ನೋಡುವುದರಲ್ಲೇ ಒಂದು ಥೀಸಿಸ್ ಆಗುವಷ್ಟು ಸರಕು ಇದೆ.

ಕೋರ್ಸ್ ವರ್ಕ್, ಎಥಿಕ್ಸ್ ಕಮಿಟಿ, ಒಪ್ಪಿಗೆ ಪತ್ರ ಇದೆಲ್ಲ ಎಲ್ಲರಿಗೂ ಇರೋದೇ, ಅದನ್ನು ಎಳೆಯಲ್ಲ. ನೇರ ರಸ್ತೆಗೆ ಬರುತ್ತೇನೆ.

ಹುಡುಗರು ಆರ್ಡರ್‌ಗೆ ಕಾಯುವ ಜಾಗಗಳು ಊರಲ್ಲಿ ಇದ್ದೇ ಇರುತ್ತವೆ. ಬಿರಿಯಾನಿ ಹೋಟೆಲ್ ಎದುರು, ರಾಯಲ್ ಸರ್ಕಲ್ ಆಸುಪಾಸಿನ ಟೀ ಅಂಗಡಿ, ಬೇಸಿಗೆಯಲ್ಲಿ ಎಲ್ಲಿ ನೆರಳು ಇದೆಯೋ ಅಲ್ಲಿ. ಬಳ್ಳಾರಿ ಬಿಸಿಲು 40 ಡಿಗ್ರಿ ದಾಟಿದಾಗ ಬೇವಿನ ಮರದ ಕೆಳಗಿನ ಜಾಗಕ್ಕೂ ಪೈಪೋಟಿ. ನಾನು ಕೈಯಲ್ಲಿ ಫೈಲ್ ಹಿಡಿದು ಹೋಗುತ್ತಿದ್ದೆ. ಮೊದಲ ಪ್ರಶ್ನೆ ಯಾವಾಗಲೂ ಅವರದ್ದೇ. "ಕಂಪನಿಯವ್ರಾ ಸರ್?" ಅಲ್ಲ ಅಂದರೆ, "ಲೇಬರ್ ಆಫೀಸಾ?" ಅದೂ ಅಲ್ಲ ಅಂದರೆ, "ಮತ್ತೆ ನಿಮಗೇನು ಲಾಭ?" ಪಿಎಚ್‌ಡಿ ಅಂದರೆ ನಗುತ್ತಿದ್ದರು. ಅಷ್ಟರಲ್ಲಿ ಯಾರದೋ ಫೋನ್ ಟಣ್ ಅಂದು ಗಾಡಿ ಹತ್ತಿ ಹೋಗಿಬಿಡುತ್ತಿದ್ದರು. ಅರ್ಧ ಸಂದರ್ಶನಗಳೇ ನನ್ನ ಹತ್ತಿರ ರಾಶಿ ಬಿದ್ದವು. ಪ್ರಶ್ನಾವಳಿಯ ಮೂರನೇ ಪುಟ ತಲುಪಿದವರು ಕಡಿಮೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಅಂದರಂತೂ ಮುಖವೇ ಬದಲಾಗುತ್ತಿತ್ತು. ಆ್ಯಪ್‌ನಲ್ಲಿ ದಿನಾ 'ಒಪ್ಪಿದ್ದೇನೆ' ಒತ್ತುವವರು ಪೇಪರ್ ಮೇಲೆ ಸಹಿ ಹಾಕೋಕೆ ಹೆದರುತ್ತಿದ್ದರು. ಕೊನೆಗೆ ಕಮಿಟಿಯನ್ನು ಕೇಳಿ ಬಾಯಿಮಾತಿನ ಒಪ್ಪಿಗೆಯನ್ನೇ ರೆಕಾರ್ಡ್ ಮಾಡಿಕೊಳ್ಳುವ ಹಾಗೆ ಬದಲಾಯಿಸಿಕೊಂಡೆ.

ಬಾಗಿಲು ತೆರೆದದ್ದು ಬೇರೆಯೇ ಕಾರಣಕ್ಕೆ. ಒಬ್ಬ ಹುಡುಗನ ಐಡಿ ಬ್ಲಾಕ್ ಆಗಿತ್ತು. ಆ್ಯಪ್ ತೆರೆದರೆ ನಿಯಮ ಉಲ್ಲಂಘನೆ ಅಂತ ಒಂದೇ ಸಾಲು. ಯಾವ ನಿಯಮ, ಯಾವ ದಿನ, ಯಾವ ಆರ್ಡರ್, ಏನೂ ಇಲ್ಲ. ಚಾಟ್‌ನಲ್ಲಿ ಕೇಳಿದರೆ ಅದೇ ಉತ್ತರ ಮತ್ತೆ ಮತ್ತೆ, ಆ ಕಡೆ ಮನುಷ್ಯ ಇಲ್ಲ ಅಂತ ಗೊತ್ತಾಗುತ್ತಿತ್ತು. ಅವನು ನನ್ನ ಹತ್ತಿರ ಬಂದು, "ಸರ್, ನಿಮಗೆ ಇಂಗ್ಲಿಷ್ ಬರುತ್ತಲ್ಲ, ಒಂದು ಮೇಲ್ ಹಾಕಿಕೊಡ್ರಿ" ಅಂದ. ಕೂತು ಬರೆದುಕೊಟ್ಟೆ. ಐಡಿ ವಾಪಸ್ ಬರಲಿಲ್ಲ, ಅವನು ಈಗ ಬೇರೆ ಆ್ಯಪ್‌ನಲ್ಲಿ ಓಡಿಸುತ್ತಾನೆ. ಆದರೆ ಈ ಮಾಷ್ಟ್ರು ಮೇಲ್ ಬರೆದುಕೊಡ್ತಾರೆ ಅನ್ನೋ ಸುದ್ದಿ ಅವರ ವಾಟ್ಸಾಪ್ ಗ್ರೂಪಲ್ಲಿ ಹರಡಿತು. ಅಲ್ಲಿಂದ ಅವರೇ ಕರೆದು ಕೂರಿಸಿಕೊಂಡು ಮಾತಾಡೋಕೆ ಶುರು ಮಾಡಿದರು. ಸಂಶೋಧಕ ಹೀಗೆ ಒಂದು ಪಕ್ಷ ಹಿಡಿಯಬಹುದಾ ಅಂತ ಮೇಡಂ ಹತ್ತಿರ ಕೇಳಿದೆ. "ಹಿಡಿದದ್ದನ್ನು ಡೈರಿಯಲ್ಲಿ ಬರೆದಿಡು, ಥೀಸಿಸ್‌ನಲ್ಲೂ ಹೇಳು" ಅಂದರು. ಅಷ್ಟೇ ಮಾಡಿದ್ದೇನೆ.

ಹೀಗೆ ಸಿಕ್ಕವರಲ್ಲಿ ಒಬ್ಬರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. (ಗುರುತು ಸಿಗಬಾರದು ಅಂತ ಎರಡು ಮೂರು ವಿವರ ಬದಲಿಸಿದ್ದೇನೆ.) ನಡುವಯಸ್ಸಿನವರು, ಉಳಿದ ಹುಡುಗರು ಅಣ್ಣ ಅಂತಾರೆ, ನಾನೂ ಹಾಗೇ ಕರೆಯುತ್ತೇನೆ. ಮೊದಲು ಜೀನ್ಸ್ ಹೊಲಿಯುವ ಯೂನಿಟ್‌ನಲ್ಲಿ ಪೀಸ್ ಲೆಕ್ಕ ಬರೆಯುತ್ತಿದ್ದವರು. ಆ ಅಭ್ಯಾಸ ಬಿಟ್ಟಿಲ್ಲ. ಡೆಲಿವರಿ ಬ್ಯಾಗಿನ ಪಕ್ಕದ ಜೇಬಲ್ಲಿ ಒಂದು ಉದ್ದನೆ ಲೆಕ್ಕದ ಪುಸ್ತಕ, ಪ್ಲಾಸ್ಟಿಕ್ ಕವರ್ ಸುತ್ತಿದ್ದು. ಅದಕ್ಕೆ ಕಟ್ಟಿದ ದಾರದ ತುದಿಯಲ್ಲಿ ಒಂದು ಪೆನ್ನು. ಕೈಯಿಂದ ಗೆರೆ ಎಳೆದ ಕಾಲಂಗಳು. ಹೋಟೆಲ್, ಆ್ಯಪ್ ತೋರಿಸಿದ ಕಿಲೋಮೀಟರ್, ಗಾಡಿ ಮೀಟರ್ ತೋರಿಸಿದ್ದು, ಕಾದ ನಿಮಿಷ, ಬಂದ ದುಡ್ಡು. ಕೊನೆಗೆ ಒಂದು ಸಣ್ಣ ಕಾಲಂ, ಅದರಲ್ಲಿ ಕೆಲವು ಕಡೆ 'ಗೇ' ಅಂತ ಬರೆದಿದೆ. ಏನಣ್ಣ ಇದು ಅಂದೆ. "ಗೇಟು" ಅಂದರು.

ಸುಧಾ ಕ್ರಾಸ್ ರೈಲ್ವೆ ಗೇಟಿನ ಕಥೆ ಬಳ್ಳಾರಿಯವರಿಗೆ ಹೇಳಬೇಕಾಗಿಲ್ಲ. ಗೂಡ್ಸ್ ಬಂತು ಅಂದರೆ ಗಾಡಿ ಆಫ್ ಮಾಡಿ ಕೂರಬೇಕು. ಒಂದು ಹೋದ ಮೇಲೆ ಆ ಕಡೆಯಿಂದ ಇನ್ನೊಂದು ಬಂದರೂ ಬರಬಹುದು. ಗೇಟಿನ ಈಚೆ ಹೋಟೆಲ್, ಆಚೆ ಗಿರಾಕಿ. ಕಾದರೆ ಆರ್ಡರ್ ಲೇಟು, ರೇಟಿಂಗ್ ಹೋಗುತ್ತೆ. ಸುತ್ತು ಹೊಡೆದರೆ ಪೆಟ್ರೋಲ್ ತಮ್ಮದು. ಅಣ್ಣನ ಪುಸ್ತಕದ ಒಂದು ಸಾಲು ಹೀಗಿತ್ತು: ಆ್ಯಪ್ 3.2, ಮೀಟರ್ 4.6, ಕಾದದ್ದು 25, ಗೇ. ಮಾರನೆ ದಿನ ಅದೇ ಹೋಟೆಲ್, ಅದೇ ಬೀದಿ, ಗೇಟ್ ತೆರೆದಿತ್ತು, ಬಂದ ದುಡ್ಡು ಹಿಂದಿನ ದಿನಕ್ಕಿಂತ ಜಾಸ್ತಿ. ಯಾಕೆ ಜಾಸ್ತಿ ಬಂತು ಅನ್ನೋದೂ ಅವರಿಗೆ ಗೊತ್ತಿಲ್ಲ. ಕಡಿಮೆ ಬಂದದ್ದಕ್ಕಿಂತ ಅವರಿಗೆ ಇದೇ ಜಾಸ್ತಿ ಕಾಡುತ್ತಿತ್ತು. "ಜೀನ್ಸಲ್ಲಿ ಪೀಸಿಗೆ ಇಷ್ಟು ಅಂತ ಮೊದಲೇ ಹೇಳಿಬಿಡ್ತಿದ್ರು. ಕಮ್ಮಿನೋ ಜಾಸ್ತಿನೋ, ಗೊತ್ತಿರ್ತಿತ್ತು. ಇಲ್ಲಿ ಒಂದೇ ಪ್ಯಾಂಟಿಗೆ ದಿನಕ್ಕೊಂದು ರೇಟು" ಅಂದರು. ನನ್ನ ಎರಡನೇ ಅಧ್ಯಾಯದಲ್ಲಿ ಮಾಹಿತಿ ಅಸಮಾನತೆ (ಒಂದು ಕಡೆಯವರಿಗೆ ಗೊತ್ತಿರೋದು ಇನ್ನೊಂದು ಕಡೆಯವರಿಗೆ ಗೊತ್ತಿಲ್ಲದಿರೋದು) ಅಂತ ಪುಟಗಟ್ಟಲೆ ಬರೆದಿದ್ದೇನೆ. ಅಣ್ಣನ ಈ ಮಾತಿನ ಮುಂದೆ ಅದೆಲ್ಲ ಸಪ್ಪೆ.

ರೇಟು ಹೇಗೆ ಬರುತ್ತೆ, ಆರ್ಡರ್ ಯಾರಿಗೆ ಹೋಗುತ್ತೆ ಅಂತ ಗೊತ್ತಿಲ್ಲದಿದ್ದಾಗ ಜನ ಸುಮ್ನೆ ಕೂರಲ್ಲ, ತಾವೇ ಒಂದು ಕಾರಣ ಕಟ್ಟಿಕೊಳ್ಳುತ್ತಾರೆ. ಎರಡು ಆರ್ಡರ್ ಬಿಟ್ಟರೆ ಆ್ಯಪ್ ಮುನಿಸಿಕೊಳ್ಳುತ್ತೆ ಅಂತ ಒಬ್ಬ. ಹೊಸ ಐಡಿಗೆ ಮೊದಲ ವಾರ ಜಾಸ್ತಿ ಆರ್ಡರ್ ಕೊಟ್ಟು ರುಚಿ ಹತ್ತಿಸುತ್ತಾರೆ ಅಂತ ಇನ್ನೊಬ್ಬ. ಇನ್ಸೆಂಟಿವ್‌ಗೆ ಇನ್ನೆರಡು ಬಾಕಿ ಇದ್ದಾಗ ಬೇಕಂತಲೇ ಆರ್ಡರ್ ನಿಲ್ಲಿಸುತ್ತಾರೆ ಅಂತ ಬಹಳ ಜನ. ಇದರಲ್ಲಿ ಎಷ್ಟು ನಿಜ ಅಂತ ಪರೀಕ್ಷೆ ಮಾಡಬೇಕಾದರೆ ಕಂಪನಿಯ ಒಳಗಿನ ಡೇಟಾ ಬೇಕು. ಆದರೆ ನಂಬಿಕೆ ನಿಜವೋ ಸುಳ್ಳೋ, ಅದರಿಂದ ಹುಟ್ಟುವ ನಡವಳಿಕೆ ಮಾತ್ರ ನಿಜ. ಮುನಿಸಿಕೊಳ್ಳುತ್ತೆ ಅಂತ ನಂಬಿದವನು ಜ್ವರ ಇದ್ದರೂ ಆರ್ಡರ್ ಬಿಡಲ್ಲ. ಇನ್ನೆರಡು ಬಂದೇ ಬರುತ್ತೆ ಅಂತ ಕಾಯುವವನು ರಾತ್ರಿ ಹನ್ನೆರಡಾದರೂ ಮನೆಗೆ ಹೋಗಲ್ಲ. ನಿಯಮ ಇಷ್ಟೇ ಅಂತ ಬರೆದು ಅಂಟಿಸಿದ್ದರೆ ಅಷ್ಟನ್ನು ಮಾತ್ರ ಪಾಲಿಸುತ್ತಿದ್ದರು. ಗೊತ್ತಿಲ್ಲದ ನಿಯಮಕ್ಕೆ ಜನ ಜಾಸ್ತಿ ಹೆದರುತ್ತಾರೆ, ಜಾಸ್ತಿ ಬಗ್ಗುತ್ತಾರೆ. ಕಂಪನಿಗೆ ಇದು ಗೊತ್ತಿಲ್ಲ ಅಂತ ನನಗಂತೂ ಅನ್ನಿಸಲ್ಲ.

ಇಲ್ಲಿ ಓದಿನ ವಿಷಯ ಸ್ವಲ್ಪ ಬರಬೇಕು. 1997ರಲ್ಲಿ ಅರ್ಥಶಾಸ್ತ್ರಜ್ಞರಾದ ಕಾಲಿನ್ ಕ್ಯಾಮರರ್, ರಿಚರ್ಡ್ ಥೇಲರ್ ಮತ್ತು ಜೊತೆಗಾರರು ನ್ಯೂಯಾರ್ಕ್ ಟ್ಯಾಕ್ಸಿ ಚಾಲಕರ ಬಗ್ಗೆ ಒಂದು ಪ್ರಬಂಧ ಬರೆದರು. ಚಾಲಕರು ದಿನಕ್ಕೆ ಇಷ್ಟು ದುಡಿಯಬೇಕು ಅಂತ ಗುರಿ ಇಟ್ಟುಕೊಂಡಿರುತ್ತಾರೆ, ಅದು ಮುಟ್ಟಿದರೆ ಮನೆಗೆ ಹೋಗುತ್ತಾರೆ, ಹಾಗಾಗಿ ಒಳ್ಳೆ ದುಡ್ಡು ಬರುವ ದಿನವೇ ಬೇಗ ನಿಲ್ಲಿಸುತ್ತಾರೆ ಅನ್ನೋದು ಅದರ ಸಾರ. ಇನ್ನೊಬ್ಬ ಅರ್ಥಶಾಸ್ತ್ರಜ್ಞ ಹೆನ್ರಿ ಫಾರ್ಬರ್ 2015ರಲ್ಲಿ ಬಹಳ ದೊಡ್ಡ ಡೇಟಾ ಇಟ್ಟುಕೊಂಡು ಇದನ್ನು ಒಪ್ಪಲಿಲ್ಲ. ಸಂಪಾದನೆ ಜಾಸ್ತಿ ಇದ್ದಾಗ ಹೆಚ್ಚಿನವರು ಜಾಸ್ತಿ ಹೊತ್ತೇ ಓಡಿಸುತ್ತಾರೆ ಅಂದರು. ನಾನು ಬಳ್ಳಾರಿಯಲ್ಲಿ ಇವರಿಬ್ಬರಲ್ಲಿ ಯಾರು ಸರಿ ಅಂತ ನೋಡೋಣ ಅಂತ ಹೊರಟಿದ್ದೆ. ಹುಡುಗರನ್ನು ಕೇಳಿದರೆ ಗುರಿ ಇದೆ ಅಂತಲೇ ಹೇಳುತ್ತಾರೆ. ಗಾಡಿ ಇಎಂಐ, ಪೆಟ್ರೋಲ್, ಮನೆಗೆ ಕೊಡೋದು. ಆದರೆ ಆ ಗುರಿ ಮುಟ್ಟುವ ಹೊತ್ತಿಗೆ ಆ್ಯಪ್ ತನ್ನದೊಂದು ಗುರಿ ಮುಂದಿಟ್ಟಿರುತ್ತೆ. ಇನ್ನು ಇಷ್ಟು ಆರ್ಡರ್ ಮುಗಿಸಿದರೆ ಇಷ್ಟು ಬೋನಸ್ ಅಂತ. ಹಳೆ ಟ್ಯಾಕ್ಸಿ ಚಾಲಕನ ಗುರಿ ಅವನ ತಲೆಯಲ್ಲಿತ್ತು, ಈಗ ಅದನ್ನು ಫೋನ್ ಬರೆಯುತ್ತೆ. ಊಬರ್ ಚಾಲಕರು ಲಾಗ್ ಔಟ್ ಮಾಡಲು ಹೋದಾಗ ಇನ್ನು ಸ್ವಲ್ಪ ಓಡಿಸಿದರೆ ಇಷ್ಟು ಮುಟ್ಟುತ್ತೀರಿ ಅಂತ ಪರದೆಯ ಮೇಲೆ ತೋರಿಸಿ ತಡೆಯುವ ವಿಚಾರವನ್ನು ನ್ಯೂಯಾರ್ಕ್ ಟೈಮ್ಸ್ 2017ರಲ್ಲೇ ಬರೆದಿತ್ತು. ನನ್ನ ಪ್ರಶ್ನೆಯನ್ನೇ ಬದಲಾಯಿಸಬೇಕಾಯಿತು. ಎಷ್ಟು ಹೊತ್ತಿಗೆ ನಿಲ್ಲಿಸುತ್ತೀರಿ ಅನ್ನೋದರ ಬದಲು, ನಿಲ್ಲಿಸಬೇಕು ಅಂದುಕೊಂಡ ಮೇಲೂ ಯಾಕೆ ನಿಲ್ಲಿಸಲಿಲ್ಲ ಅಂತ ಕೇಳತೊಡಗಿದೆ.

ಮಾಹಿತಿ ಕೇಳಿ ಕಂಪನಿಗಳಿಗೂ ಬರೆದೆ, ಬಿಡಲಿಲ್ಲ. ಹೆಸರು ಬೇಡ. ಒಂದು ಕಡೆಯಿಂದ ಧನ್ಯವಾದ ಅಂತ ತಾನಾಗೇ ಬರುವ ಉತ್ತರ ಬಂತು. ಉಳಿದವರಿಂದ ಅದೂ ಇಲ್ಲ.

ಕೆಲಸ ಅರ್ಧ ಆಗಿದ್ದಾಗ ಕಾನೂನು ಬಂತು. ಗಿಗ್ ಕಾರ್ಮಿಕರಿಗಾಗಿ ದೇಶದಲ್ಲಿ ಮೊದಲ ಕಾಯ್ದೆ ಮಾಡಿದ್ದು ರಾಜಸ್ಥಾನ, 2023ರಲ್ಲಿ. ಕರ್ನಾಟಕ 2024ರ ಜೂನ್‌ನಲ್ಲಿ ಕರಡು ಹೊರಡಿಸಿತು, 2025ರ ಮೇನಲ್ಲಿ ಸುಗ್ರೀವಾಜ್ಞೆ ಬಂತು, ಆಗಸ್ಟ್‌ನಲ್ಲಿ ವಿಧಾನಮಂಡಲ ವಿಧೇಯಕ ಪಾಸು ಮಾಡಿತು, ಆಮೇಲೆ ಅದು ಕಾಯ್ದೆಯಾಯಿತು. ಸಂಶೋಧನೆ ಮಾಡುವವನಿಗೆ ಇದು ಖುಷಿಯೂ ಹೌದು, ತಲೆನೋವೂ ಹೌದು. ಎರಡು ಅಧ್ಯಾಯ ಮತ್ತೆ ಬರೆಯಬೇಕಾಯಿತು. ಆದರೆ ನನ್ನ ಥೀಸಿಸ್‌ನ ಪಾರದರ್ಶಕತೆ ಅನ್ನೋ ಒಣ ಪದಕ್ಕೆ ಅದರಲ್ಲಿ ಕೈಗೆ ಸಿಗುವಂಥ ರೂಪ ಇತ್ತು. ಕೆಲಸದಿಂದ ತೆಗೆಯಬೇಕಾದರೆ ಕಾರಣ ಬರೆದು ಕೊಡಬೇಕು, 14 ದಿನ ಮೊದಲೇ ತಿಳಿಸಬೇಕು. ಸಂಪಾದನೆ, ರೇಟಿಂಗ್ ಇಂಥದ್ದರ ಮೇಲೆ ತಂತ್ರಾಂಶ ತಾನಾಗೇ ತೆಗೆದುಕೊಳ್ಳುವ ತೀರ್ಮಾನಗಳ ಬಗ್ಗೆ ಕಾರ್ಮಿಕ ಕೇಳಿ ತಿಳಿದುಕೊಳ್ಳುವ ದಾರಿ ಇರಬೇಕು. ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಕೊಡುವ ಹಣದ ಶೇ. 1ರಿಂದ 5ರಷ್ಟನ್ನು ಕಂಪನಿ ಕಲ್ಯಾಣ ನಿಧಿಗೆ ಕಟ್ಟಬೇಕು.

ಮಧ್ಯಾಹ್ನದ ಊಟದ ಗಲಾಟೆ ಮುಗಿದು ಸಂಜೆಯ ಆರ್ಡರ್ ಶುರುವಾಗುವ ಮೊದಲು ಸ್ವಲ್ಪ ಹೊತ್ತು ಬಿಡುವಿರುತ್ತೆ. ಅಂಥ ಒಂದು ಹೊತ್ತಲ್ಲಿ ಮುನ್ಸಿಪಲ್ ಮೈದಾನದ ಕಡೆ ಕೂತು, ಮಿರ್ಚಿ ಒಗ್ಗರಣೆ ತಿಂದುಕೊಂಡು, ಪ್ರಿಂಟ್ ತೆಗೆಸಿದ ಕಾಯ್ದೆಯನ್ನು ಹುಡುಗರಿಗೆ ಓದಿ ಹೇಳಿದೆ. ವಿಮೆ, ಮಂಡಳಿ, ನಿಧಿ ಇದಕ್ಕೆಲ್ಲ ತಲೆ ಆಡಿಸಿದರು. ಒಬ್ಬ ಮಾತ್ರ, "ಆ ಐದು ಪರ್ಸೆಂಟು ಸುತ್ತಿ ಬಳಸಿ ನಮ್ಮ ಜೇಬಿಂದಲೇ ಹೋಗುತ್ತೆ ನೋಡ್ತಿರ್ರಿ" ಅಂದ. ಎಲ್ಲರೂ ಎದ್ದು ಕೂತದ್ದು ಕಾರಣ ಬರೆದು ಕೊಡಬೇಕು ಅನ್ನೋ ಸಾಲಿಗೆ. "ಬರೆದು ಕೊಡಬೇಕಾ? ಯಾಕೆ ಅಂತ?" ಅಂತ ಮತ್ತೆ ಓದಿಸಿದರು. ಆಮ್‌ಸ್ಟರ್‌ಡ್ಯಾಮ್‌ನ ಮೇಲ್ಮನವಿ ನ್ಯಾಯಾಲಯ 2023ರ ಏಪ್ರಿಲ್‌ನಲ್ಲಿ ಊಬರ್, ಓಲಾ ಚಾಲಕರ ಪರ ತೀರ್ಪು ಕೊಟ್ಟಿದ್ದು, ಯಂತ್ರ ತೆಗೆದುಕೊಂಡ ತೀರ್ಮಾನಗಳ ವಿವರ ಚಾಲಕರಿಗೆ ಕೊಡಬೇಕು ಅಂದಿದ್ದು, ಇದನ್ನೂ ಹೇಳಿದೆ. "ಅವರಿಗೆ ಕೊಟ್ರಾ ಸರ್? ಹಂಗಾದ್ರೆ ನಮ್ಮ ಅಣ್ಣನ ಪುಸ್ತಕ ಸುಪ್ರೀಂ ಕೋರ್ಟಿಗೆ ಕಳಿಸೋಣ" ಅಂತ ನಕ್ಕರು. ಅಣ್ಣ ನಗಲಿಲ್ಲ. ಪುಸ್ತಕ ಬ್ಯಾಗಿನೊಳಗೆ ಇನ್ನೂ ಸ್ವಲ್ಪ ಒಳಕ್ಕೆ ತಳ್ಳಿದರು.

ಅಲ್ಲಿಂದ ನಾನು ಒಂದು ಹೊಸ ಪ್ರಶ್ನೆ ಸೇರಿಸಿದೆ. ಆ್ಯಪ್ ಒಂದೇ ಒಂದು ವಿಷಯವನ್ನು ನಿಮಗೆ ಬಿಡಿಸಿ ಹೇಳಬೇಕು ಅಂದರೆ ಯಾವುದು ಬೇಕು? ನಾವು ಓದಿದವರು ಅಲ್ಗಾರಿದಮ್ ತೆರೆದಿಡಿ ಅಂತ ಕೂಗುತ್ತೇವಲ್ಲ, ಹಾಗೆ ಕೇಳಿದವರು ನನಗೆ ಸಿಗಲಿಲ್ಲ. ಈ ದುಡ್ಡು ಹೇಗೆ ಬಂತು, ಐಡಿ ಯಾಕೆ ಹೋಯ್ತು, ಕೇಳಿದರೆ ಉತ್ತರ ಕೊಡೋಕೆ ಒಬ್ಬ ಮನುಷ್ಯ. ಹೆಚ್ಚುಕಮ್ಮಿ ಇಷ್ಟೇ. ಪರದೆ ತುಂಬ ಬಣ್ಣಬಣ್ಣದ ಗ್ರಾಫ್ ತೋರಿಸಿ ಇದೇ ಪಾರದರ್ಶಕತೆ ಅನ್ನುವ ಆ್ಯಪ್‌ಗಳೂ ಇವೆ. ಹುಡುಗರು ಅದನ್ನು ತೆರೆದೂ ನೋಡಲ್ಲ.

ಇನ್ನು ನನಗೆ ನಿಜವಾಗಿ ಕಷ್ಟವಾದ ಭಾಗ. ಹುಡುಗರು ನಂಬಿಕೆ ಬಂದ ಮೇಲೆ ಎಲ್ಲ ಹೇಳಿದರು. ಎಲ್ಲ ಅಂದರೆ ಎಲ್ಲ. ಆ್ಯಪ್‌ನ ಕಣ್ಣು ತಪ್ಪಿಸಿ ಹೇಗೆ ಸ್ವಲ್ಪ ಹೊತ್ತು ಕೂರುತ್ತಾರೆ, ಬೇಡದ ಆರ್ಡರ್‌ನಿಂದ ಹೇಗೆ ಜಾರಿಕೊಳ್ಳುತ್ತಾರೆ, ಗೇಟ್ ಬಿದ್ದಾಗ ಒಬ್ಬರಿಗೊಬ್ಬರು ಹೇಗೆ ಸುದ್ದಿ ಮುಟ್ಟಿಸುತ್ತಾರೆ. ವರ್ತನೆ ಅಂತ ವಿಷಯ ಇಟ್ಟುಕೊಂಡವನಿಗೆ ಇದಕ್ಕಿಂತ ಒಳ್ಳೆ ಸರಕು ಎಲ್ಲಿ ಸಿಗಬೇಕು? ಒಂದು ಅಧ್ಯಾಯ ಪೂರ್ತಿ ಬರೆದೂ ಆಗಿತ್ತು. ಅದನ್ನು ಕೆಲವರಿಗೆ ಓದಿ ತೋರಿಸಿದೆ. ತಮ್ಮ ಬಗ್ಗೆ ಏನು ಬರೆದಿದ್ದೀನಿ ಅಂತ ಅವರಿಗೆ ಗೊತ್ತಿರಬೇಕಲ್ಲ. ಕೇಳಿದ ಹುಡುಗರಿಗೆ ಖುಷಿ, ತಮ್ಮ ಮಾತು ಪುಸ್ತಕದ ಭಾಷೆಯಲ್ಲಿ ಬಂದಿದೆ ಅಂತ. ಕೊನೆಗೆ ಅಣ್ಣ ಕೇಳಿದರು, "ಇದನ್ನ ಯಾರ್ಯಾರು ಓದ್ತಾರೆ?" ಥೀಸಿಸ್ ಶೋಧಗಂಗಾ ಅನ್ನೋ ವೆಬ್‌ಸೈಟ್‌ನಲ್ಲಿ ಹಾಕುತ್ತಾರೆ, ಯಾರು ಬೇಕಾದರೂ ಓದಬಹುದು ಅಂದೆ. "ಕಂಪನಿಯವ್ರೂನಾ?" ಹೌದು ಅಂದೆ. "ಹಂಗಾದ್ರೆ ಬ್ಯಾಡ್ರಿ ಸರ್."

ಯೋಚನೆ ಮಾಡಿದರೆ ಅವರು ಹೇಳಿದ್ದರಲ್ಲಿ ತಪ್ಪೇನಿದೆ? ಹುಡುಗ ಎಲ್ಲಿ ನಿಂತಿದ್ದಾನೆ, ಎಷ್ಟು ವೇಗದಲ್ಲಿ ಹೋದ, ಎಷ್ಟು ಆರ್ಡರ್ ಬಿಟ್ಟ, ಟೀಶರ್ಟ್ ಹಾಕಿದ್ದಾನಾ ಅಂತ ಸೆಲ್ಫಿ ಸಮೇತ ಕಂಪನಿ ನೋಡುತ್ತಿರುತ್ತೆ. ಈ ಸಂಬಂಧದಲ್ಲಿ ಒಂದು ಕಡೆಯವರು ಈಗಾಗಲೇ ಗಾಜಿನ ಪೆಟ್ಟಿಗೆಯೊಳಗೆ ಇದ್ದಾರೆ. ಅವರ ಕೈಯಲ್ಲಿ ಉಳಿದಿರುವುದು ಈ ಸಣ್ಣಪುಟ್ಟ ಉಪಾಯಗಳು ಮಾತ್ರ. ಪಾರದರ್ಶಕತೆ ಅನ್ನೋ ಹೆಸರಲ್ಲಿ ನಾನು ಅದನ್ನೂ ಬಯಲಿಗೆ ಇಟ್ಟರೆ ಮುಂದಿನ ಅಪ್‌ಡೇಟ್‌ನಲ್ಲಿ ಅದೂ ಹೋಗುತ್ತೆ. ಹೆಸರು ಬದಲಿಸಿದರೆ ಸಾಕಲ್ವಾ ಅಂತ ಸ್ನೇಹಿತರೊಬ್ಬರು ಕೇಳಿದರು. ಸಾಲದು. ಬಳ್ಳಾರಿಯಷ್ಟು ಊರಲ್ಲಿ ಆ ಗೇಟು, ಆ ಹೋಟೆಲ್ ಅಂದರೆ ಆಳು ಯಾರು ಅಂತ ಗೊತ್ತಾಗುತ್ತೆ. ಆಳು ಗೊತ್ತಾಗದಿದ್ದರೂ ಉಪಾಯ ಗೊತ್ತಾಗುತ್ತೆ, ಏಟು ಎಲ್ಲರಿಗೂ ಬೀಳುತ್ತೆ.

ಅಧ್ಯಾಯವನ್ನು ಕತ್ತರಿಸಿದೆ. ಅಂಥ ಉಪಾಯಗಳು ಇವೆ, ಇಂಥ ಒತ್ತಡದಿಂದ ಹುಟ್ಟುತ್ತವೆ ಅನ್ನೋವರೆಗೆ ಇಟ್ಟುಕೊಂಡೆ. ಹೇಗೆ ಅನ್ನೋದು ಇಲ್ಲ. ಇಲ್ಲೂ ಬರೆಯಲ್ಲ.

ಥೀಸಿಸ್ ಸಲ್ಲಿಸುವ ಮೊದಲಿನ ಪ್ರೀ-ಸಬ್ಮಿಷನ್ ಸೆಮಿನಾರ್‌ನಲ್ಲಿ ಪ್ರೊಫೆಸರ್‌ಗಳು ಇದಕ್ಕೇ ಹಿಡಿದುಕೊಂಡರು. ಐದನೇ ಅಧ್ಯಾಯ ತೆಳುವಾಗಿದೆ, ಶೀರ್ಷಿಕೆಯಲ್ಲಿ ವರ್ತನೆ ಅಂತ ಇದೆ, ವರ್ತನೆಯ ವಿವರ ಎಲ್ಲಿ ಅಂದರು. ಕೇಳಿದ್ದು ಸರಿಯಾಗೇ ಇತ್ತು. ವಿವರ ನನ್ನ ಹತ್ತಿರ ಇದೆ, ಕೊಟ್ಟವರು ಹಾಕಬೇಡ ಅಂದಿದ್ದಾರೆ, ಹಾಕಿದರೆ ಅವರ ಹೊಟ್ಟೆಪಾಡಿಗೆ ತೊಂದರೆ ಅಂದೆ. ಒಬ್ಬರು ಇದು ವಿಜ್ಞಾನ ಅಲ್ಲ ಅಂದರು. ಇನ್ನೊಬ್ಬರು, ವಯಸ್ಸಾದ ಪ್ರೊಫೆಸರ್, ಗಣಿ ಕಾರ್ಮಿಕರ ಮೇಲೆ ಕೆಲಸ ಮಾಡಿದವರು, "ನಾನೂ ಒಂದು ಡೈರಿ ಹಾಗೇ ಇಟ್ಟುಕೊಂಡಿದ್ದೀನಪ್ಪ" ಅಂದರು. ಆಮೇಲೆ ಚರ್ಚೆ ಅವರಿಬ್ಬರ ನಡುವೆ ನಡೆಯಿತು, ನಾನು ನೀರು ಕುಡಿದೆ. ಕೊನೆಗೆ ಒಂದು ಷರತ್ತಿನ ಮೇಲೆ ಒಪ್ಪಿದರು. ಏನನ್ನು ಬಿಟ್ಟಿದ್ದೇನೆ, ಯಾಕೆ ಬಿಟ್ಟಿದ್ದೇನೆ ಅಂತ ವಿಧಾನದ ಅಧ್ಯಾಯದಲ್ಲಿ ಎರಡು ಪುಟ ಬರೆಯಬೇಕು.

ಆ ಎರಡು ಪುಟ ಈಗ ಬರೆಯುತ್ತಿದ್ದೇನೆ. ಮೊದಲ ಕರಡನ್ನು ಅಣ್ಣನಿಗೆ ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಮಾಡಿ ಕಳಿಸಿದ್ದೆ. ಎರಡು ಕಡೆ ತಿದ್ದುಪಡಿ ಹೇಳಿದ್ದಾರೆ. ಒಂದು ಒಪ್ಪಿಕೊಂಡೆ, ಇನ್ನೊಂದಕ್ಕೆ ಇನ್ನೂ ವಾದ ನಡೆಯುತ್ತಿದೆ.